ಹನ್ನೊಂದನೆಯ ಕಡ್ಡಿ

ದೇವಕಣಗಿಲೆಯ ಕಡ್ಡಿ ಬದುಕಿದೆಯೋ ಸತ್ತಿದೆಯೋ ಎನ್ನುವುದು ಅದನ್ನು ನೆಟ್ಟವರಿಗೂ ಒಮ್ಮೊಮ್ಮೆ ತಿಳಿಯುವುದಿಲ್ಲ. ಚಳಿಗಾಲದಲ್ಲಂತೂ ಎಲೆಯೆಲ್ಲ ಉದುರಿ, ಬೂದುಬಣ್ಣಕ್ಕೆ ತಿರುಗಿ, ಯಾರೋ ಮಣ್ಣಿಗೆ ಚುಚ್ಚಿಟ್ಟು ಮರೆತುಹೋದ ಊರುಗೋಲಿನ ತುಂಡಿನಂತೆ ನಿಂತಿರುತ್ತದೆ. ಉಗುರಿನಿಂದ ಗೀರಿದರೆ ಹಾಲು ಬರಬೇಕು. ಬಂದರೆ ಜೀವವಿದೆ, ಅಷ್ಟೆ. ಆ ಜೀವ ಒಳಗೆ ಕೂತು ಎಲೆ ಬಿಡಬೇಕೆಂದಿದೆಯೋ, ಹೂ ಬಿಡಬೇಕೆಂದಿದೆಯೋ, ಸುಮ್ಮನೆ ಕೊಳೆತುಹೋಗಬೇಕೆಂದಿದೆಯೋ ಹಾಲು ಹೇಳುವುದಿಲ್ಲ.

ಮುನಿಲಕ್ಷ್ಮಿ ಹತ್ತು ಕಡ್ಡಿಗಳನ್ನೂ ಗೀರಿ ನೋಡಿದ್ದಳು. ಹತ್ತರಲ್ಲೂ ಹಾಲಿತ್ತು. ತೊಂಬತ್ತೆಂಟನೆಯ ಇಸವಿಯ ಸಂಕ್ರಾಂತಿ ಕಳೆದು ವಾರವಾಗಿತ್ತು. ಶಿವರಾತ್ರಿಗೆ ಇನ್ನು ಐದೇ ವಾರ. ಅಷ್ಟರೊಳಗೆ ಇವುಗಳಲ್ಲಿ ಒಂದಾದರೂ ಹೂ ಬಿಡಬೇಕು. ಬಿಡದಿದ್ದರೆ ಹಬ್ಬದ ಮಾರನೆಯ ದಿನವೇ ಅವಳು ಮೈಸೂರು ರಸ್ತೆಯ ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಕೆಲಸಕ್ಕೆ ಹೋಗಬೇಕು. ಹಾಗೆಂದು ಅವಳ ಅಮ್ಮ ಪಾರ್ವತಮ್ಮ ಅಲ್ಲಿಯ ಸೂಪರ್‌ವೈಸರಿಗೆ ಮಾತು ಕೊಟ್ಟಾಗಿತ್ತು.

ಮುನಿಲಕ್ಷ್ಮಿ ಏಳನೆಯ ಕ್ಲಾಸಿಗೇ ಶಾಲೆ ಬಿಟ್ಟವಳು. ದಡ್ಡಿ ಎಂದಲ್ಲ. ಹಾಜರಿ ಕೂಗುವಾಗ ‘ಎಸ್ ಮಿಸ್’ ಎನ್ನಲು ಅವಳ ಗಂಟಲಿನಿಂದ ದನಿಯೇ ಹೊರಡುತ್ತಿರಲಿಲ್ಲ. ಮೂರನೆಯ ಬೆಂಚಿನಲ್ಲಿ ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಕೂತಿದ್ದರೂ ಪುಸ್ತಕದಲ್ಲಿ ಗೈರುಹಾಜರಿ ಬೀಳುತ್ತಿತ್ತು. ವರ್ಷದ ಕೊನೆಗೆ ಹಾಜರಿ ಸಾಲದು ಎಂದು ಪರೀಕ್ಷೆಗೆ ಕೂರಿಸಲಿಲ್ಲ. “ದಿನಾ ಬರ್ತಿದ್ಳಲ್ಲ ಮಿಸ್ಸು, ನಾನೇ ಜಡೆ ಹಾಕಿ ಕಳಿಸ್ತಿದ್ದೆ” ಎಂದು ಪಾರ್ವತಮ್ಮ ಜಗಳಕ್ಕೆ ಹೋದರೆ ಮಿಸ್ಸು ಪುಸ್ತಕ ತೆಗೆದು ತೋರಿಸಿದರು. ಪುಸ್ತಕದ ಎದುರು ಜಡೆಯ ಸಾಕ್ಷಿ ನಡೆಯಲಿಲ್ಲ. ಈಗ ಅವಳಿಗೆ ಹತ್ತೊಂಬತ್ತು.

ಗಾರ್ಮೆಂಟ್ಸಿಗೂ ಒಂದು ದಿನ ಹೋಗಿ ಬಂದಿದ್ದಳು, ಕೈಗುಣ ನೋಡಲೆಂದು ಕರೆದಿದ್ದರು. ಕೈ ಚೆನ್ನಾಗಿಯೇ ಓಡಿತು. ಆದರೆ ಅಲ್ಲಿ ಮಷಿನ್ನುಗಳ ಸದ್ದಿನಲ್ಲಿ ಕೂಗಿ ಕೇಳುತ್ತಿದ್ದರು, ಕೂಗಿಯೇ ಉತ್ತರ ಕೊಡಬೇಕಿತ್ತು. ಹೊರಗೆ ಹೋಗಬೇಕಾದರೆ ಎದ್ದು ನಿಂತು ಎಲ್ಲರೆದುರು ಟೋಕನ್ ಕೇಳಬೇಕಿತ್ತು. ಅವಳು ಕೇಳಲಾರದೆ ಬೆಳಗಿನಿಂದ ಸಂಜೆಯವರೆಗೆ ಹೊಟ್ಟೆ ಹಿಡಿದುಕೊಂಡು ಕೂತಳು. ಮನೆಗೆ ಬಂದು ಎರಡು ದಿನ ಜ್ವರ.

ಅಪ್ಪ ಹನುಮಂತಯ್ಯನಿಗೆ ಮನಸ್ಸು ತಡೆಯಲಿಲ್ಲ. ಅವನು ಇಪ್ಪತ್ತೆರಡು ವರ್ಷದಿಂದ ಲಾಲ್‌ಬಾಗಿನಲ್ಲಿ ಮಾಲಿ. ಆದರೆ ಅಷ್ಟು ವರ್ಷವೂ ಅವನ ಪಾಲಿಗೆ ಬಂದದ್ದು ಹುಲ್ಲು ಕತ್ತರಿಸುವ ಕೆಲಸ. ಹೂವಿನ ವಿಷಯ ಕೇಳಿದರೆ “ಅದು ಬೇರೆ ಸೆಕ್ಷನ್” ಎನ್ನುತ್ತಿದ್ದ. ಅವನೇ ಮಗಳನ್ನು ಮಾವಳ್ಳಿಯ ಅವರ ವಠಾರಕ್ಕೆ ಹತ್ತಿರವೇ ಇದ್ದ ದೊಡ್ಡಬೈರಪ್ಪನವರ ನರ್ಸರಿಗೆ ಕರೆದುಕೊಂಡು ಹೋದ.

“ಹುಡುಗಿಗೆ ಗಿಡದ ಹುಚ್ಚು ಅಣ್ಣ. ಕೆಲ್ಸಕ್ಕೆ ಇಟ್ಕೊಳಿ.”

ದೊಡ್ಡಬೈರಪ್ಪ ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಅವಳನ್ನು ಮೇಲಿಂದ ಕೆಳಗೆ ನೋಡಿದರು. “ಏನಮ್ಮ, ನಿನ್ನ ಹೆಸ್ರು?”

ಅವಳು ಗುಲಾಬಿ ಗಿಡ ನೋಡುತ್ತ ನಿಂತಳು.

“ಮಾತಾಡಲ್ವಾ ಹನುಮಂತಣ್ಣ?”

“ಮಾತಾಡ್ತಾಳೆ. ಗಿಡಗಳ ಹತ್ರ.”

“ಸರಿ ಹೋಯ್ತು. ಗಿರಾಕಿ ಬಂದು ಕೇಳಿದ್ರೆ ಗಿಡ ಉತ್ರ ಕೊಡ್ತದಾ?” ಎಂದು ನಕ್ಕರು. ಆಮೇಲೆ ಅವಳ ಬೆರಳುಗಳ ಮೇಲೆ ಒಣಗಿ ಕಪ್ಪಾಗಿದ್ದ ಹಾಲಿನ ಕಲೆ ಅವರ ಕಣ್ಣಿಗೆ ಬಿತ್ತು. “ದೇವಕಣಗಿಲೆ ಮುಟ್ಟಿದೀಯಾ?”

ಅವಳು ತಲೆಯಾಡಿಸಿದಳು. ಮೇ ತಿಂಗಳ ಬಿರುಮಳೆಗೆ ಮಾವಳ್ಳಿಯ ಈಶ್ವರನ ಗುಡಿಯ ಮರದಿಂದ ಒಂದು ಕೊಂಬೆ ಮುರಿದು ಬಿದ್ದಿತ್ತು. ಅದರ ತುದಿಗಳನ್ನು ಮೊಳದುದ್ದಕ್ಕೆ ಕತ್ತರಿಸಿ, ಹಾಲು ಇಂಗುವ ತನಕ ಹತ್ತು ದಿನ ನೆರಳಲ್ಲಿ ಒಣಗಿಸಿ, ಹನ್ನೊಂದು ಕುಂಡಗಳಲ್ಲಿ ನೆಟ್ಟಿದ್ದಳು. ಹನ್ನೊಂದೂ ಚಿಗುರಿದ್ದವು.

“ಹತ್ತು ದಿನ ಒಣಗಿಸ್ಬೇಕು ಅಂತ ಯಾರು ಹೇಳಿದ್ರು?”

ಯಾರೂ ಹೇಳಿರಲಿಲ್ಲ. ಗುಡಿಯ ಹಿಂದೆ ಬಿದ್ದಿದ್ದ ಚೂರುಗಳಲ್ಲಿ ತಕ್ಷಣ ಮಣ್ಣು ಸೇರಿದ್ದು ಕೊಳೆತದ್ದನ್ನೂ, ಕಲ್ಲಿನ ಮೇಲೆ ಒಣಗಿದ್ದು ಬೇರು ಬಿಟ್ಟದ್ದನ್ನೂ ಅವಳು ಹಿಂದಿನ ವರ್ಷಗಳಲ್ಲಿ ನೋಡಿದ್ದಳು. ಅದನ್ನು ಹೇಳಲು ಬಾಯಿ ಬರಲಿಲ್ಲ.

ದೊಡ್ಡಬೈರಪ್ಪ ಒಂದು ಕರಾರು ಹಾಕಿದರು. “ನೋಡಮ್ಮ. ಈ ಗಿಡ ಯುಗಾದಿಗೆ ಮುಂಚೆ ಹೂ ಬಿಡಲ್ಲ. ಶಿವರಾತ್ರಿಗೆ ಬಿಟ್ರೆ ಜನ ಮುಗಿಬಿದ್ದು ತೊಗೋತಾರೆ. ಶಿವರಾತ್ರಿಗೆ ಒಂದು ಗಿಡ ಹೂ ಬಿಡ್ಸಿ ತಂದು ಇಲ್ಲಿ ಇಡು. ಮಾತಾಡದೇ ಹೋದ್ರೂ ಕೆಲ್ಸ ನಿಂದೇ.” ದಾರಿಯನ್ನೂ ಅವರೇ ಹೇಳಿಕೊಟ್ಟರು. “ಗಿಡಾನೂ ಮನ್ಸರೂ ಒಂದೇ. ಹೊಟ್ಟೆ ತುಂಬಿದ್ರೆ ಎಲೆ ಬಿಡ್ತದೆ, ಹೊಟ್ಟೆ ಉರಿದ್ರೆ ಹೂ ಬಿಡ್ತದೆ. ದೀಪಾವಳಿಯಿಂದ ಒಂದು ತೊಟ್ಟು ನೀರು ಹಾಕ್ಬೇಡ. ಸಂಕ್ರಾಂತಿ ದಿನ ಹೊಟ್ಟೆ ತುಂಬಾ ಕುಡ್ಸು. ಗಾಬರಿ ಬಿದ್ದು ಹೂ ಬಿಡ್ತದೆ.”

ವಠಾರದಲ್ಲಿ ಬಿಸಿಲು ಬೀಳುತ್ತಿರಲಿಲ್ಲ. ಆದ್ದರಿಂದ ಕುಂಡಗಳು ಇದ್ದದ್ದು ಬಸವನಗುಡಿಯಲ್ಲಿ, ಪಾರ್ವತಮ್ಮ ಪಾತ್ರೆ ತೊಳೆದು ನೆಲ ಒರೆಸುವ ಬದರೀನಾರಾಯಣ ಅಯ್ಯಂಗಾರರ ಮನೆಯ ತಾರಸಿಯ ಮೇಲೆ. ಅವರ ಹೆಂಡತಿ ಆಂಡಾಳ್ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದರು. “ಮೇಲೆ ಜಾಗ ಖಾಲಿ ಬಿದ್ದಿದೆ, ಇಟ್ಕೊಳ್ಳಿ ಪಾಪ” ಎಂದಿದ್ದರು. ಒಂದೇ ಷರತ್ತು, ಅದೂ ಅವರದಲ್ಲ, ಅವರ ಅತ್ತೆ ಜಾನಕಮ್ಮನವರದು. ಬೆಳಗ್ಗೆ ಒಂಬತ್ತರ ತನಕ ಅಜ್ಜಿಯ ಮಡಿ. ಹಿತ್ತಲಿನ ಬಚ್ಚಲುಮನೆಯಲ್ಲಿ ಸೌದೆಯೊಲೆ ಉರಿಸಿ, ಹಂಡೆಯ ನೀರಲ್ಲಿ ಮಿಂದು, ಒದ್ದೆ ಸೀರೆಯಲ್ಲೇ ಪೆರುಮಾಳಿನ, ಅಂದರೆ ಮನೆದೇವರಾದ ವಿಷ್ಣುವಿನ, ಪೂಜೆ ಮುಗಿಸುವವರೆಗೆ ಪಾರ್ವತಮ್ಮನಾಗಲಿ ಮಗಳಾಗಲಿ ಗೇಟಿನೊಳಗೆ ಕಾಲಿಡುವಂತಿಲ್ಲ. ಆಮೇಲೆ ಬಂದು ಹೊರಗಿನ ಮೆಟ್ಟಿಲು ಹತ್ತಿ ತಾರಸಿಗೆ ಹೋಗಬಹುದು. ಅಜ್ಜಿ ಮುನಿಲಕ್ಷ್ಮಿಯ ಜತೆ ಈ ತನಕ ಒಂದು ಮಾತೂ ಆಡಿರಲಿಲ್ಲ. ಏನಾದರೂ ಹೇಳುವುದಿದ್ದರೆ “ಪಾರ್ವತಿ, ನಿನ್ನ ಮಗಳಿಗೆ ಹೇಳು, ಮೆಟ್ಟಿಲ ಮೇಲೆ ಮಣ್ಣು ಬೀಳಿಸಬಾರದು ಅಂತ” ಎನ್ನುತ್ತಿದ್ದರು, ಅವಳು ಅಲ್ಲೇ ನಿಂತಿದ್ದರೂ.

ದೀಪಾವಳಿಯಿಂದ ಮುನಿಲಕ್ಷ್ಮಿ ನೀರು ನಿಲ್ಲಿಸಿದಳು. ಉಳಿದಿದ್ದ ಎಲೆಗಳನ್ನು ಕಿತ್ತಳು. ಕುಂಡಗಳನ್ನು ಇಟ್ಟಿಗೆಯ ಮೇಲೆತ್ತಿ, ಬಿಸಿಲು ತಿರುಗಿದ ಹಾಗೆ ತಿರುಗಿಸಿದಳು. ಹನ್ನೊಂದನೆಯ ಕಡ್ಡಿ ಮಾತ್ರ ಆಗಲೇ ಸೊಟ್ಟಗಾಗಿ ಸುಕ್ಕುಗಟ್ಟಿತ್ತು. “ಇದು ಹೋಯ್ತು ಬಿಡೇ” ಎಂದು ಪಾರ್ವತಮ್ಮ ಅದನ್ನು ಎಸೆಯಲೆಂದು ಕೆಳಗೆ ಒಯ್ದವಳು, ಕುಂಡ ಯಾತಕ್ಕಾದರೂ ಆದೀತು ಎಂದು ಹಿತ್ತಲಿನ ಸೌದೆ ರಾಶಿಯ ಪಕ್ಕ ಬಿಟ್ಟಳು. ಅಮ್ಮ ಎಸೆದಳೆಂದೇ ಮಗಳು ತಿಳಿದಳು. ಹೋದ ಕಡ್ಡಿಗೆ ಯಾರು ಅಳುತ್ತಾರೆ, ಇನ್ನೂ ಹತ್ತು ಇವೆಯಲ್ಲ.

ಸಂಕ್ರಾಂತಿಯ ದಿನ ಹತ್ತಕ್ಕೂ ಕೊಡಗಟ್ಟಲೆ ನೀರು ಹೊಯ್ದಳು. ಗಿಡಗಳು ಗಾಬರಿ ಬೀಳಲಿಲ್ಲ, ಅವಳೇ ಬಿದ್ದಳು. ತಾರಸಿಯ ಮೇಲೆ ಕೊರೆಯುವ ಗಾಳಿ. ಒಂದು ಕಡ್ಡಿ ಬುಡದಲ್ಲಿ ಮೆತ್ತಗಾಯಿತು, ಇನ್ನೊಂದು ಹಿಂಬಾಲಿಸಿತು. ಉಳಿದ ಎಂಟು ಇದ್ದ ಹಾಗೇ ಇದ್ದವು.

ಜನವರಿ ತಿಂಗಳ ಕೊನೆಯ ಭಾನುವಾರ, ಹಳೆಯ ಬಕೆಟ್ಟು ಹುಡುಕಿಕೊಂಡು ಅವಳು ಹಿತ್ತಲಿಗೆ ಹೋದಳು. ಬಚ್ಚಲುಮನೆಯ ಗೋಡೆಗೆ ಒರಗಿ, ಸೌದೆಯ ಪಕ್ಕ, ಸೊಟ್ಟ ಕಡ್ಡಿಯೊಂದು ನಿಂತಿತ್ತು. ತನ್ನದೇ ಕುಂಡ, ಬಾಯಿ ಚಕ್ಕೆ ಹಾರಿದ್ದು ಗುರುತಿತ್ತು. ಕಡ್ಡಿಯ ತುದಿಯಲ್ಲಿ ಕೋಳಿ ಕಾಲಿನ ಉಗುರಿನಂಥದೇನೋ ಹೊರಟಿತ್ತು, ಕೆನ್ನೀಲಿ ಬಣ್ಣದ್ದು, ಅರ್ಧ ಬೆರಳುದ್ದ.

ಎಲೆಯಿರಬೇಕು ಎಂದುಕೊಂಡಳು. ಎಲೆಯಾದರೂ ಯಾಕೆ ಬಂತು? ಸತ್ತದ್ದಲ್ಲವೇ ಇದು? ಕೂತು, ಕಣ್ಣನ್ನು ತುದಿಯ ಮಟ್ಟಕ್ಕೆ ತಂದು ನೋಡಿದಳು. ಎಲೆಯಾದರೆ ಸುರುಳಿ ಸುತ್ತಿರುತ್ತದೆ. ಇದು ಸುರುಳಿಯಲ್ಲ, ಗಂಟು ಗಂಟು. ಆ ದಿನ ಅವಳು ಯಾರಿಗೂ ಹೇಳಲಿಲ್ಲ. ಕುಂಡವನ್ನು ಜರುಗಿಸಲೂ ಭಯವಾಯಿತು. ಮೂರು ದಿನ ಬಿಟ್ಟು ಹೋಗಿ ನೋಡಿದರೆ ಉಗುರು ಬೆರಳಾಗಿತ್ತು, ಬೆರಳ ತುದಿಯಲ್ಲಿ ಅಕ್ಕಿಕಾಳಿನಷ್ಟು ಮೊಗ್ಗುಗಳಿದ್ದವು.

ಉಪವಾಸ ಕೆಡವಿದವು ಸುಮ್ಮನಿವೆ. ಎಸೆದದ್ದು ಮೊಗ್ಗಿಟ್ಟಿದೆ. ಮಣ್ಣು ಮುಟ್ಟಿದಳು. ತೇವ! ಹಸಿ ಹಸಿ ತೇವವಲ್ಲ, ಆಗಷ್ಟೇ ಯಾರೋ ಕೈ ತೊಳೆದಂಥ ತೇವ. ಯಾರು ನೀರು ಹಾಕಿದವರು?

“ಅಮ್ಮಾ, ಹಿತ್ಲಲ್ಲಿರೋ ಕುಂಡಕ್ಕೆ ನೀನು ನೀರು ಹಾಕ್ತೀಯಾ?”

“ನಂಗೇನ್ ಬೇರೆ ಕೆಲ್ಸ ಇಲ್ವಾ? ಅದನ್ನ ಎಸೆಯೋಕೆ ಅಂತ ಇಟ್ಟಿದ್ದೆ, ಮರ್ತೇಹೋಯ್ತು.”

ಆಂಡಾಳಮ್ಮನ ಹತ್ತಿರ ಅಮ್ಮನ ಮೂಲಕ ಕೇಳಿಸಿದಳು. “ಅಯ್ಯೋ ಪಾರ್ವತಿ, ನನ್ನ ತಲೆಗೆ ಎಣ್ಣೆ ಹಚ್ಕೊಳ್ಳೋಕೇ ಪುರುಸೊತ್ತಿಲ್ಲ, ಕುಂಡಕ್ಕೆ ನೀರು ಹಾಕ್ಲಾ?” ಎಂದರಂತೆ. ಬದರೀನಾರಾಯಣರು ಗಿಡವೆಂದರೆ ಮೂಗು ಮುರಿಯುವವರು. ಸ್ಕೂಟರ್ ನಿಲ್ಲಿಸಲು ಕೆಸರಾಗುತ್ತದೆಂದು ದಸರಾದಲ್ಲಿ ಹಿತ್ತಲಿನ ನಂದಿಬಟ್ಟಲು ಗಿಡ ಕಡಿಸಿ, ನೆಲಕ್ಕೆಲ್ಲ ಸಿಮೆಂಟು ಬಳಿಸಿದ್ದರು. ಇನ್ನುಳಿದವರು ಜಾನಕಮ್ಮ. ಅವರಿಗೂ ಈ ಕಡ್ಡಿಗೂ ಏನು ಸಂಬಂಧ?

ಇತ್ತ ಹೆಂಡತಿಯಿಂದ ಸುದ್ದಿ ಕೇಳಿದ ಹನುಮಂತಯ್ಯನ ಬಾಯಿ ನಿಲ್ಲಲಿಲ್ಲ. ಸೀದಾ ನರ್ಸರಿಗೆ ಹೋಗಿ “ಅಣ್ಣ, ಮೊಗ್ಗು ಬಂದದೆ” ಎಂದ. ಸಂಜೆ ಆ ದಾರಿಯಲ್ಲಿ ಬರುತ್ತಿದ್ದ ಮುನಿಲಕ್ಷ್ಮಿಯನ್ನು ದೊಡ್ಡಬೈರಪ್ಪ ಕೂಗಿ ನಿಲ್ಲಿಸಿದರು.

“ನಾನ್ ಹೇಳ್ಲಿಲ್ವಾ! ದೀಪಾವಳಿಯಿಂದ ನೀರು ಬಂದ್ ಮಾಡ್ದೆ ತಾನೇ?”

ಹತ್ತಕ್ಕೆ ಮಾಡಿದ್ದಳು. ಅವಳು ತಲೆಯಾಡಿಸಿದಳು.

“ಸಂಕ್ರಾಂತಿಗೆ ಹೊಟ್ಟೆ ತುಂಬಾ ಕುಡ್ಸಿದೆ ತಾನೇ?”

ಅದೂ ನಿಜವೇ. ತಲೆಯಾಡಿಸಿದಳು.

“ನೋಡಿದ್ರೇನ್ರೋ!” ಎಂದು ದೊಡ್ಡಬೈರಪ್ಪ ಮಣ್ಣು ಕಲಸುತ್ತಿದ್ದ ಇಬ್ಬರು ಆಳುಗಳ ಕಡೆ ತಿರುಗಿದರು. “ನಮ್ಮಪ್ಪ ಹೇಳಿದ್ದು ಸುಳ್ಳಾಗಲ್ಲ. ನಾನೇ ಇಷ್ಟು ವರ್ಷ ಮಾಡಿ ನೋಡಿರ್ಲಿಲ್ಲ. ಇವತ್ತಿಂದ ನಮ್ಮ ದೇವಕಣಗಿಲೆಗೂ ನೀರು ಬಂದ್. ಯುಗಾದಿಗೆ ಎಲ್ಲಾ ಒಟ್ಟಿಗೆ ಗೊಂಚ್ಲು ಗೊಂಚ್ಲು ಬಿಡ್ಲಿ.”

ಅಲ್ಲಿ ಸಾಲಾಗಿ ಎಂಬತ್ತು ತೊಂಬತ್ತು ಗಿಡಗಳಿದ್ದವು. ಬೇಡ ಎನ್ನಬೇಕೆಂದು ಮುನಿಲಕ್ಷ್ಮಿಗೆ ನಾಲಿಗೆಯ ತುದಿಗೆ ಬಂತು. ಅಲ್ಲಿಗೆ ಬಂದದ್ದು ಯಾವತ್ತು ತಾನೇ ಹೊರಗೆ ಬಂದಿದೆ? ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆಂದು ಅವಳಿಗೇ ಗೊತ್ತಿರಲಿಲ್ಲ. ಕೆಲಸ ಸಿಗುವ ಹೊತ್ತಿಗೆ ಬಾಯಿಬಿಟ್ಟು ಕಳೆದುಕೊಳ್ಳುವುದುಂಟೇ? ಆದರೆ ತಲೆಯಾಡಿಸಿದ್ದು ಸುಳ್ಳೋ ನಿಜವೋ? ಕೇಳಿದ್ದಕ್ಕೆಲ್ಲ ನಿಜವನ್ನೇ ಹೇಳಿ ಒಟ್ಟಿನಲ್ಲಿ ಸುಳ್ಳು ಹೇಳಿದ ಹಾಗಾಗಿತ್ತು. ಮನೆಗೆ ಬಂದು ಅನ್ನದ ಮುಂದೆ ಕೂತರೂ ಇದೇ ಯೋಚನೆ.

ಮರುದಿನದಿಂದ ಅವಳು ನರ್ಸರಿಯ ದಾರಿ ಬಿಟ್ಟು ಸುತ್ತಿಕೊಂಡು ಓಡಾಡಿದಳು. ಆದರೂ ಬೇಲಿಯ ಸಂದಿಯಿಂದ ಆ ಸಾಲು ಕಾಣುತ್ತಿತ್ತು. ಮಣ್ಣು ದಿನದಿನಕ್ಕೂ ಬೆಳ್ಳಗಾಗುತ್ತಿತ್ತು.

ಹಿತ್ತಲಿನಲ್ಲಿ ಮೊಗ್ಗುಗಳು ಅಕ್ಕಿಯಿಂದ ತೊಗರಿಯಾದವು, ತೊಗರಿಯಿಂದ ಕಡಲೆಯಾದವು. ಮಣ್ಣು ಪ್ರತಿದಿನ ಒಂಬತ್ತಕ್ಕೆ ತೇವ. ಮೇಲೆ ಬೂದಿಯ ತೆಳುವಾದ ಪದರ. ಒಂದು ದಿನ ಒಂದು ತುಳಸಿ ಎಸಳೂ ಸಿಕ್ಕಿತು. ಶಿವರಾತ್ರಿಗೆ ವಾರವಿದೆ ಎನ್ನುವಾಗ ಅವಳಿಗೆ ತಡೆಯಲಾಗಲಿಲ್ಲ. ಹಾಲು ತರುತ್ತೇನೆಂದು ಹೇಳಿ ಬೆಳಗ್ಗೆ ಆರೂವರೆಗೆಲ್ಲ ಬಸವನಗುಡಿಗೆ ಹೋದಳು. ಗೇಟಿನೊಳಗೆ ಹೋಗುವಂತಿಲ್ಲವಲ್ಲ, ಮನೆಯ ಹಿಂದಿನ ಓಣಿಗೆ ಹೋಗಿ, ಹಿತ್ತಲ ಬಾಗಿಲಿನ ತಗಡಿಗೆ ಇದ್ದ ತೂತಿಗೆ ಕಣ್ಣಿಟ್ಟಳು.

ಬಚ್ಚಲುಮನೆಯ ಹೊಗೆಕಿಂಡಿಯಿಂದ ಹೊಗೆ ಏಳುತ್ತಿತ್ತು. ಸ್ವಲ್ಪ ಹೊತ್ತಿಗೆ ಜಾನಕಮ್ಮ ಹೊರಬಂದರು. ಮೊದಲು ಕರಟದಲ್ಲಿ ಹಿಂದಿನ ದಿನದ ಬೂದಿ ತಂದು ಕುಂಡಕ್ಕೆ ಸುರಿದರು. ಒಳಗೆ ಹೋಗಿ ಮಿಂದು ಬಂದು, ಚೊಂಬಿನಲ್ಲಿ ಉಳಿದ ಬಿಸಿನೀರನ್ನು ಕುಂಡಕ್ಕೆ ಹೊಯ್ದರು; ಕುಂಡದಿಂದ ತೆಳ್ಳಗೆ ಆವಿ ಎದ್ದಿತು. ಆಮೇಲೆ ಬಹಳ ಹೊತ್ತು ಯಾರೂ ಇಲ್ಲ. ಒಳಗೆ ಗಂಟೆಯ ಸದ್ದಾಯಿತು. ಕೊನೆಗೆ ಅಜ್ಜಿ ಪುಟ್ಟ ಬಟ್ಟಲು ಹಿಡಿದು ಬಂದು, ಪೆರುಮಾಳಿಗೆ ಅಭಿಷೇಕ ಮಾಡಿದ ನೀರನ್ನು, ಒಂದು ತೊಟ್ಟೂ ಸಿಮೆಂಟಿನ ಮೇಲೆ ಬೀಳದ ಹಾಗೆ ಬಾಗಿ, ಆ ಕುಂಡಕ್ಕೇ ಬಿಟ್ಟರು. ಬಿಟ್ಟು, ಬೆರಳನ್ನು ಕಣ್ಣಿಗೊತ್ತಿಕೊಂಡು ಒಳಗೆ ನಡೆದರು. ಕಡ್ಡಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ಆಗ ಮುನಿಲಕ್ಷ್ಮಿಗೆ ಅರ್ಥವಾಯಿತು. ದೇವರ ನೀರು ತುಳಿಯುವ ಜಾಗಕ್ಕೆ ಚೆಲ್ಲಬಾರದು. ಮುಂಚೆ ನಂದಿಬಟ್ಟಲಿನ ಬುಡವಿತ್ತು. ಅದನ್ನು ಕಡಿದು ಸಿಮೆಂಟು ಬಳಿದ ಮೇಲೆ ಇಡೀ ಹಿತ್ತಲಲ್ಲಿ ಮಣ್ಣು ಅಂತ ಉಳಿದದ್ದು ಇದೊಂದೇ ಕುಂಡದಲ್ಲಿ. ಅಜ್ಜಿಗೆ ಬೇಕಾದದ್ದು ಮಣ್ಣು, ಗಿಡವಲ್ಲ.

ಅರ್ಥವಾದದ್ದು ಅಷ್ಟು. ಉಳಿದದ್ದು ಮತ್ತಷ್ಟು ಕಗ್ಗಂಟಾಯಿತು. ಹೂ ತರಿಸಿದ್ದು ಬೂದಿಯೋ? ಬಿಸಿನೀರೋ? ಓಣಿಯಲ್ಲಿ ನಿಂತು ಕೈ ಚಾಚಿ ಬಚ್ಚಲಿನ ಹೊರಗೋಡೆ ಮುಟ್ಟಿದಳು, ಒಲೆಯಿಂದ ಇಳಿಸಿ ಸ್ವಲ್ಪ ಹೊತ್ತಾದ ದೋಸೆ ಹೆಂಚಿನ ಹಾಗೆ ಬೆಚ್ಚಗಿತ್ತು. ಗೋಡೆಯೋ? ಇಲ್ಲ ಪೆರುಮಾಳೋ? ನಾಲ್ಕೂ ಒಂದೇ ಕುಂಡಕ್ಕೆ ಬಿದ್ದಿದ್ದವು. ಯಾವುದು ನಿಜವಾಗಿ ಕೆಲಸ ಮಾಡಿತು, ಯಾವುದು ಸುಮ್ಮನೆ ಜತೆಗಿತ್ತು? ಒಂದು ಮಾತ್ರ ಖಂಡಿತ, ಇದು ದೊಡ್ಡಬೈರಪ್ಪನವರ ಉಪವಾಸವಲ್ಲ.

ಶಿವರಾತ್ರಿಯ ಹಿಂದಿನ ದಿನ ಒಂಬತ್ತಕ್ಕೆ ಅವಳು ಅಮ್ಮನ ಹಿಂದೆ ಗೇಟು ದಾಟಿದಾಗ ಜಾನಕಮ್ಮ ಹಿತ್ತಲಲ್ಲೇ ನಿಂತಿದ್ದರು, ಎರಡೂ ಕೈ ಸೊಂಟದ ಮೇಲೆ. ಅವರೆದುರು ಸೊಟ್ಟ ಕಡ್ಡಿಯ ತುದಿಯಲ್ಲಿ ಐದು ಹೂ ಅರಳಿದ್ದವು. ಬೆಣ್ಣೆಯಂಥ ಬಿಳುಪು, ನಡುವೆ ಅರಿಶಿನ. ಮೈಮೇಲೆ ಎಲೆಯೊಂದೂ ಇಲ್ಲ.

“ಪಾರ್ವತಿ, ಇದು ಯಾರದು?”

“ನಮ್ಮ ಹುಡ್ಗೀದು ಅಮ್ಮಾವ್ರೆ. ಎಸೆಯೋಣ ಅಂತ...”

ಅಜ್ಜಿ ಮೊದಲ ಸಲ ಮುನಿಲಕ್ಷ್ಮಿಯ ಕಡೆ ತಿರುಗಿದರು. “ಏನೇ ಹುಡುಗಿ, ಎಲ್ಲಿಂದ ತಂದೆ ಈ ಕಡ್ಡೀನ?”

ಎಲ್ಲ ಬಿಟ್ಟು ಇದನ್ನೇ ಕೇಳಬೇಕೇ! ಮುನಿಲಕ್ಷ್ಮಿ ಸಿಮೆಂಟು ನೋಡಿದಳು.

“ಗುಡಿ ಮರದ್ದು ಅಲ್ವೇನೆ? ಯಾವ ಗುಡಿ?”

“ಮಾ... ಮಾವಳ್ಳಿ ಈಶ್ವರಂದು.”

ಜಾನಕಮ್ಮ ಕಣ್ಣು ಮುಚ್ಚಿಕೊಂಡರು. “ರಾಮ ರಾಮ. ನಾಲ್ಕು ತಿಂಗಳು ನಮ್ಮ ಪೆರುಮಾಳ್ ಅಭಿಷೇಕದ ನೀರೆಲ್ಲಾ ಹೋಗಿ ಈಶ್ವರನ ಬುಡಕ್ಕೆ ಬಿತ್ತು! ನಮ್ಮೆಜಮಾನ್ರು ಇದ್ದಿದ್ರೆ ಎದೆ ಒಡ್ಕೊಳ್ಳೋರು.”

ಒಳಗಿನಿಂದ ಆಂಡಾಳ್ ಕೈಚೀಲ ತೂಗುತ್ತ ಬಂದವರು ಹೂ ನೋಡಿ ಬಾಯಿ ಮೇಲೆ ಕೈಯಿಟ್ಟರು. “ಅತ್ತೇ, ಶಿವರಾತ್ರಿಗೆ ಹೂ ಬಿಡಿಸಿದೀರಾ ನೀವು! ಊರೆಲ್ಲಾ ಹೇಳ್ತೀನಿ ಇರಿ.”

“ಬ್ಯಾಂಕಿಗೆ ಹೋಗೇ ಮೊದ್ಲು, ಹೊತ್ತಾಯ್ತು” ಎಂದು ಅಜ್ಜಿ ಗದರಿದರು. ಗದರುವಾಗ ತುಟಿಯ ಒಂದು ಮೂಲೆ ಅಲುಗಿತೋ ಇಲ್ಲವೋ, ಮುನಿಲಕ್ಷ್ಮಿಗೆ ನಿಶ್ಚಯವಾಗಲಿಲ್ಲ. “ತೊಗೊಂಡು ಹೋಗು ಇದನ್ನ ಇಲ್ಲಿಂದ.”

ಅವಳು ಬಾಗಿ ಕುಂಡ ಎತ್ತಿದಳು. ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಅಜ್ಜಿ ಮತ್ತೆ ಕೂಗಿದರು.

“ನಿಲ್ಲೇ. ನಾಳೆಯಿಂದ ನಾನು ನೀರೆಲ್ಲಿ ಬಿಡ್ಲಿ? ನಿನ್ನ ಹತ್ರ ಇನ್ನೂ ಇವೆಯಲ್ಲ ಮೇಲೆ, ಒಣಕಡ್ಡಿಗಳು. ಒಂದು ತಂದಿಡು.” ಆಮೇಲೆ ದನಿ ತಗ್ಗಿಸಿ, “ಯಾವ ಗುಡೀದು ಅಂತ ಹೇಳ್ಬೇಡ” ಎಂದರು.

ಕುಂಡವನ್ನು ಸೊಂಟಕ್ಕಿಟ್ಟುಕೊಂಡು ಮುನಿಲಕ್ಷ್ಮಿ ಗಾಂಧಿಬಜಾರಿನ ಮೂಲಕ ನಡೆದಳು. ಹಬ್ಬದ ಹೂವಿನ ರಾಶಿ ಹಾಕಿಕೊಂಡು ಕೂತವರೆಲ್ಲ ಕತ್ತೆತ್ತಿ ನೋಡಿದರು. “ಏಯ್ ಪಾಪ, ಈಗ್ಲೇ ಬಿಡ್ತಾ ಇದು? ಎಲ್ಲೀದಮ್ಮಾ?” ಎಂದು ಒಬ್ಬಳು ಕೂಗಿದಳು. ಬೇರೆ ದಿನವಾಗಿದ್ದರೆ ಅಷ್ಟು ಕಣ್ಣುಗಳ ನಡುವೆ ಅವಳ ಕಾಲು ತೊಡರುತ್ತಿದ್ದವು. ಇವತ್ತು ಅವಳ ಗಮನ ಅಲ್ಲಿರಲಿಲ್ಲ. ಕುಂಡ ಇಟ್ಟು ಸುಮ್ಮನೆ ನಿಂತರೆ ಸಾಕು, ಕೆಲಸ ಸಿಗುತ್ತದೆ. ಮಾತಾಡದೇ ಹೋದರೂ ಸರಿ ಎಂದು ಅವರೇ ಹೇಳಿದ್ದಾರೆ. ಜನ್ಮದಲ್ಲಿ ಮೊದಲ ಸಲ ಅವಳ ಮೌನಕ್ಕೆ ಒಂದು ಬೆಲೆ ಬಂದಿತ್ತು. ಅದನ್ನು ಈಗಲೇ ಒಡೆಯಬೇಕೇ?

ದೊಡ್ಡಬೈರಪ್ಪ ಕುಂಡವನ್ನು ಎರಡೂ ಕೈಯಲ್ಲಿ ಇಳಿಸಿಕೊಂಡರು. ಸುತ್ತ ತಿರುಗಿಸಿ ನೋಡಿದರು. “ಶಹಬ್ಬಾಸ್. ಹೊಟ್ಟೆ ಉರಿದ್ರೆ ಹೂ ಬಿಡ್ತದೆ ಅಂದಿದ್ನಲ್ಲ!”

ಅವರ ಹಿಂದೆ ಆ ಸಾಲು. ಮಣ್ಣು ಸುಣ್ಣದಂತೆ ಬಿಳಿಚಿ, ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಮೊದಲ ಗಿಡದ ತುದಿಯಲ್ಲಿ ಚಿಗುರೊಂದು ಕಣ್ಣು ಬಿಡಲು ಹೋಗಿ ಅಲ್ಲೇ ಕಂದುಬಣ್ಣಕ್ಕೆ ತಿರುಗಿತ್ತು.

“ಇದಕ್ಕೆ ನೀರಿತ್ತು” ಎಂದಳು ಮುನಿಲಕ್ಷ್ಮಿ.

“ಏನಂದೆ?”

“ದಿನಾ ನೀರಿತ್ತು. ಉಪವಾಸ ಹಾಕಿದ್ದು ಬೇರೆ ಹತ್ತು. ಅವು ಬಿಡ್ಲಿಲ್ಲ. ಎರಡು ಕೊಳೆತೋದ್ವು.”

ಆಳುಗಳು ಗುದ್ದಲಿ ನಿಲ್ಲಿಸಿ ನೋಡಿದರು. ದೊಡ್ಡಬೈರಪ್ಪನವರ ಮುಖ ಸಣ್ಣದಾಯಿತು. “ಮತ್ತೆ ಅವತ್ತು ತಲೆ ಆಡ್ಸಿದೆ?”

ಅವಳು ಅವರ ಹಿಂದಿನ ಬಿರುಕು ಬಿಟ್ಟ ಮಣ್ಣನ್ನೇ ನೋಡಿದಳು.

“ಸರಿ, ಉಪವಾಸದಿಂದ ಅಲ್ಲ ಅಂದ್ಮೇಲೆ ಯಾತರಿಂದ ಬಿಡ್ತು?”

“ಗೊತ್ತಿಲ್ಲ.”

“ಗೊತ್ತಿಲ್ವಾ! ಗೊತ್ತಿಲ್ಲ ಅನ್ನೋರ್ನ ಇಟ್ಕೊಂಡು ನಾನೇನ್ ಮಾಡ್ಲಮ್ಮ? ಗೊತ್ತಿಲ್ದೇ ಇರೋರು ಇಲ್ಲಿ ಆಗ್ಲೇ ಮೂರು ಜನ ಇದೀವಿ.”

ಒಬ್ಬ ಆಳು ಕಿಸಕ್ಕೆಂದ. ಆದರೂ ಒಮ್ಮೆ ತೆರೆದ ಬಾಯಿ ಮುಚ್ಚಲು ಅವಳಿಗೆ ಅಭ್ಯಾಸವಿರಲಿಲ್ಲವೇನೋ, ಮಾತು ತಾನೇ ಹೊರಟಿತು. “ಬೂದಿ ಬಿದ್ದಿತ್ತು. ಬಿಸಿನೀರು ಬಿದ್ದಿತ್ತು. ಬಚ್ಚಲು ಗೋಡೆ ಬೆಚ್ಚಗಿತ್ತು. ದೇವರ ನೀರೂ ಬಿದ್ದಿತ್ತು. ಎಂಟು ಕಡ್ಡಿ ಉಳಿದವೆ ನನ್ನ ಹತ್ರ. ಎರಡಕ್ಕೆ ಬೂದಿ ಮಾತ್ರ ಹಾಕ್ಬೇಕು, ಎರಡಕ್ಕೆ ಬಿಸಿನೀರು ಮಾತ್ರ, ಎರಡನ್ನ ಗೋಡೆ ಹತ್ರ ಇಡ್ಬೇಕು. ಎರಡು ದೇವರ ನೀರಿಗೆ. ಮುಂದಿನ ಶಿವರಾತ್ರಿಗೆ ಗೊತ್ತಾಗ್ತದೆ. ನಿಮ್ಮವಕ್ಕೆ ಈಗ್ಲೇ ನೀರು ಹಾಕ್ಬಿಡಿ.”

ಇಷ್ಟುದ್ದ ಮಾತನ್ನು ಅವಳು ಒಂದೇ ಉಸಿರಿನಲ್ಲಿ ಎಂದೂ ಆಡಿರಲಿಲ್ಲ. ಆಡಿದ್ದು ತಾನೇ ಹೌದೋ ಅಲ್ಲವೋ ಎಂದು ಅವಳಿಗೇ ಅನುಮಾನವಾಯಿತು.

ದೊಡ್ಡಬೈರಪ್ಪ ಕಿವಿಯ ಮೇಲಿನ ಬೀಡಿ ತೆಗೆದರು, ಹಚ್ಚಲಿಲ್ಲ, ಮತ್ತೆ ಕಿವಿಗೇ ಸಿಕ್ಕಿಸಿದರು. ಸಾಲಿನ ಕಡೆ ಹೋಗಿ ಕಂದಿದ ಚಿಗುರನ್ನು ಎರಡು ಬೆರಳಲ್ಲಿ ಮುಟ್ಟಿದರು. ಅದು ಪುಡಿಯಾಗಿ ಉದುರಿತು. “ಲೋ, ಪೈಪ್ ಎಳೀರೋ ಇತ್ಲಾಗೆ” ಎಂದು ಕೂಗಿ, ಅವಳ ಕಡೆ ನೋಡದೆ ಒಳಗೆ ಹೋದರು.

ಅವಳು ನಿಂತೇ ಇದ್ದಳು. ಹೋಗು ಎನ್ನಲಿಲ್ಲ, ಇರು ಎನ್ನಲಿಲ್ಲ. ನಾಡಿದ್ದು ಬೆಳಗ್ಗೆ ಫ್ಯಾಕ್ಟರಿಯ ಬಸ್ಸು ಮಿನರ್ವ ಸರ್ಕಲ್ಲಿಗೆ ಏಳಕ್ಕೆ ಬರುತ್ತದೆಂದು ಅಮ್ಮ ಹೇಳಿದ್ದು ನೆನಪಾಯಿತು. ಆಳು ಪೈಪು ತಂದು ಸಾಲಿಗೆ ನೀರು ಬಿಟ್ಟ. ಒಣಮಣ್ಣು ಚೊಯ್ಯೆಂದು ಕುಡಿಯಿತು. ಅವಳ ಕಾಲಿನ ಹತ್ತಿರ ಗೊಬ್ಬರ ಬೆರೆಸಿದ ಕೆಮ್ಮಣ್ಣಿನ ಗುಡ್ಡೆ, ಪಕ್ಕದಲ್ಲಿ ತುಂಬದ ಪ್ಲಾಸ್ಟಿಕ್ ಚೀಲಗಳ ಕಟ್ಟು. ಸುಮ್ಮನೆ ನಿಲ್ಲುವುದು ಹೇಗೆಂದು ತಿಳಿಯದೆ ಅವಳು ಕುಕ್ಕರುಗಾಲಲ್ಲಿ ಕೂತು ಒಂದು ಚೀಲ ತೆಗೆದು ಮಣ್ಣು ತುಂಬಿದಳು. ಆಮೇಲೆ ಇನ್ನೊಂದು. ಹತ್ತಾಯಿತು, ಹದಿನೈದಾಯಿತು.

“ಏಯ್!” ಒಳಗಿನಿಂದ ದೊಡ್ಡಬೈರಪ್ಪನವರ ದನಿ ಬಂತು. “ಮಣ್ಣನ್ನ ಹಂಗೆ ಒತ್ತಬೇಡ ಅಂತ ಎಷ್ಟು ಸಲ ಹೇಳೋದು? ಬೇರಿಗೆ ಉಸಿರು ಬೇಡ್ವಾ?”

ಅವರು ಅವಳಿಗೆ ಅದನ್ನು ಒಂದು ಸಲವೂ ಹೇಳಿರಲಿಲ್ಲ. ಬೈದದ್ದು ಆಳುಗಳಿಗೋ, ತನಗೋ? ತಲೆಯೆತ್ತಿ ನೋಡಿದಳು. ಒಬ್ಬ ಆಳು ಪೈಪು ಹಿಡಿದಿದ್ದ, ಇನ್ನೊಬ್ಬ ಗುದ್ದಲಿಗೆ ಒರಗಿ ಬೀಡಿ ಸೇದುತ್ತಿದ್ದ. ಮಣ್ಣು ತುಂಬುತ್ತಿದ್ದವಳು ಅವಳೊಬ್ಬಳೇ.

ಮುನಿಲಕ್ಷ್ಮಿ ಕೈಯಲ್ಲಿದ್ದ ಚೀಲದ ಮಣ್ಣನ್ನು ಸ್ವಲ್ಪ ಸಡಿಲಿಸಿದಳು.

“ಹೂಂ ಅಣ್ಣ” ಎಂದಳು. ಒಳಗಿನವರಿಗೆ ಕೇಳಿಸಿತೋ ಇಲ್ಲವೋ ಎಂದು, ಇನ್ನೊಂದು ಸಲ, ಸ್ವಲ್ಪ ಜೋರಾಗಿ ಎಂದಳು.